ಬಾಗಿದ ಕಾಯಿ, ಸೊಟ್ಟ ಕಾಯಿ

ನಮ್ಮ ಸೊಸೆ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಮಿಡಿಸೌತೆ ಆರಿಸುವ ಹೆಂಗಸರನ್ನು ನೋಡಿಕೊಳ್ಳುತ್ತಾಳೆ. ಉಪ್ಪುನೀರಿಗೆ ಹಾಕಿದ ಕಾಯಿ ಅಲ್ಲಿಂದ ಸ್ಪೇನ್ ದೇಶಕ್ಕೆ ಹೋಗುತ್ತದೆ. ಹೋದ ವರ್ಷ ಆ ದೇಶದವರು ಡ್ರಮ್ಮುಗಳಿಗೆ ಅಂಟಿಸಲು ಕಳಿಸಿದ ಕೆಲವು ಚೀಟಿಗಳಲ್ಲಿ ‘ಕುರ್ವೊ’ ಎಂದಿತ್ತು. ಮೊಬೈಲಿನಲ್ಲಿ ನೋಡಿದರೆ ‘ವಕ್ರ’ ಎಂದು ಅರ್ಥ ಬಂತಂತೆ. ವಕ್ರ ಅಂದರೆ ನಮ್ಮ ಕಡೆ ಒಳ್ಳೆಯ ಮಾತೇ? ಬೇಡದ ಸೊಟ್ಟ ಕಾಯಿಗೆ ಆ ಡ್ರಮ್ಮು ಎಂದುಕೊಂಡು, ಚೂರು ಬಾಗಿದ್ದನ್ನೂ ವಾಪಸ್ ಕಳಿಸಲು ಹೇಳಿಬಿಟ್ಟಳು.

ಮಾರನೆಯ ಸಂಜೆ ನಾನು ದೇವರು ನಂಜುಂಡಪ್ಪನ ಮುಂದೆ ದೀಪ ಹಚ್ಚಿ ಈಚೆ ಬರುವಾಗ ನನ್ನ ತಮ್ಮ ಬೈಕಿನಿಂದ ಒಂದು ಮೂಟೆ ಇಳಿಸುತ್ತಿದ್ದ. ಹೆಮ್ಮಿಗೆಯ ಹೊಲದಲ್ಲಿ ಮಿಡಿಸೌತೆ ಬೆಳೆದು ಅದೇ ಕಾರ್ಖಾನೆಗೆ ಹಾಕುವವನು ಅವನು.

“ಅಕ್ಕಾ, ನಿನ್ ಸೊಸೆ ಫ್ಯಾಕ್ಟ್ರೀಲಿ ಬ್ಯಾಡ ಅಂದವ್ಳೆ. ಮನೇಲಾದ್ರೂ ಇಸ್ಕೊತಾಳೇನೋ ಕೇಳು” ಅಂದ.

ಸೊಸೆ ಒಳಗಿನಿಂದ ಬಂದಳು. “ನಾನೇನ್ ಮಾಡ್ಲಿ ಮಾವ? ಚೀಟೀಲಿ ಅಂಗೇ ಇದೆ.”

“ಚೀಟಿ ಬರ್ದೋನು ಸೌತೆ ಬಳ್ಳಿ ನೋಡವ್ನಾ? ಬೆಳಿಗ್ಗೆ ಇನ್ನೊಂದ್ ಕೊಯ್ಲು ಅದೆ ಕಣವ್ವ. ಬಳ್ಳೀಲೇ ಬುಟ್ರೆ ಊದ್ಕೊತದೆ, ಆಮೇಲೆ ಯಾರೂ ಮೂಸಲ್ಲ. ಕೀಳಾದೋ ಬುಡಾದೋ, ನೀನೇ ಏಳು.”

ಅವಳು ಒಂದು ಹಿಡಿ ಕಾಯಿಯನ್ನು ಮೊರಕ್ಕೆ ಸುರಿದು, ಮೊಬೈಲ್ ಹಿಡಿದು ಕುಳಿತಳು. ಈ ಸಲ ಅರ್ಥ ನೋಡಲಿಲ್ಲ, ಆ ಮಾತನ್ನು ಆ ಜನ ಯಾವುದಕ್ಕೆಲ್ಲ ಆಡುತ್ತಾರೆಂದು ನೋಡಿದಳು. ಕಮಾನಿನಂಥ ಗೆರೆಗೆ, ಒಳಬಾಗಿದ ಟಿವಿಯ ಪರದೆಗೆ, ಹಕ್ಕಿಯ ಕೊಕ್ಕಿಗೆ. ಗೋಡೆಯಲ್ಲಿ ಓರೆಯಾದ ಪಟಕ್ಕೆ, ನುಲಿದುಕೊಂಡ ತಂತಿಗೆ ಅವರಲ್ಲಿ ‘ತೊರ್ಸಿದೊ’ ಎಂಬ ಬೇರೆ ಮಾತೇ ಇತ್ತು.

“ಅತ್ತೆ, ಗಿಣಿ ಕೊಕ್ಕನ್ನ ಸೊಟ್ಟ ಅಂತೀವಾ?”

“ದೇವ್ರು ಮಾಡಿದ್ದನ್ನ ಸೊಟ್ಟ ಅನ್ನಕ್ಕಾಯ್ತದಾ? ಬಾಗಿದೆ ಅಂತೀವಿ” ಅಂದೆ.

ಅಲ್ಲಿಂದಲೇ ಮ್ಯಾನೇಜರಿಗೆ ಫೋನ್ ಮಾಡಿದಳು. “ಸಾರ್, ತಪ್ಪು ನಂದೇ. ಬಾಗಿರೋ ಕಾಯಿ ಬೇಕು ಅಂತಾನೇ ಆ ಡ್ರಮ್ಮು ಅನ್ಸುತ್ತೆ. ಒಂದ್ಸಲ ಅವರನ್ನೇ ಕೇಳ್ಬಿಡಿ.” ಅತ್ತ ಬೈಗುಳ ಕೇಳಿಸಿತು.

ಅನ್ನಕ್ಕೆ ಇಟ್ಟು ಬರುವಷ್ಟರಲ್ಲಿ ಮ್ಯಾನೇಜರೇ ಫೋನ್ ಮಾಡಿದರು. ಬಾಗಿದ ಕಾಯಿಯನ್ನು ಸ್ಪೇನಿನವರು ಬಿಲ್ಲೆ ಬಿಲ್ಲೆಯಾಗಿ ಹೆಚ್ಚುತ್ತಾರಂತೆ. ನುಲಿದದ್ದು ಮಾತ್ರ ಬೇಡವಂತೆ.

“ಕೀಳ್ಸಿ ಮಾವ” ಅಂದಳು.

“ಬೈಸ್ಕೊಂಡಿದ್ದು ನೀನು, ಉಳ್ಕೊಂಡಿದ್ದು ನಾನು” ಎನ್ನುತ್ತಾ, ಆಳುಗಳಿಗೆ ಹೇಳಬೇಕೆಂದು ಅವನು ಕಾಫಿಗೂ ನಿಲ್ಲದೆ ಹೊರಟ. ಮೂಟೆಯ ಕಾಯಿ ಬಿಸಿಲಿಗೆ ಬಾಡಿಹೋಗಿತ್ತು, ಪಕ್ಕದ ಮನೆಯ ಹಸುವಿಗೆ ಹಾಕಿದೆವು. ಬಳ್ಳಿಯಲ್ಲಿದ್ದದ್ದು ಉಳಿಯಿತಲ್ಲ ನಂಜುಂಡಪ್ಪಾ, ಅಷ್ಟು ಸಾಕು ಎಂದುಕೊಂಡೆ.