ಸರ್ವಾನುಮತದ ತಟ್ಟೆ

ಶಿಕಾರಿಪುರದ ನಮ್ಮ ವಾರ್ಡಿನ ಪುರಸಭಾ ಸದಸ್ಯರು ಸಭೆಗಳನ್ನು ತಮ್ಮ ಜಗುಲಿಯಲ್ಲೇ ಕರೆಯುತ್ತಿದ್ದರು. ಚರ್ಚೆ ಬಿಸಿಯೇರಿತೆಂದರೆ ಎಲೆಯಡಿಕೆ ತಟ್ಟೆ ಸುತ್ತು ಬರುತ್ತಿತ್ತು. ಎಲ್ಲರ ಬಾಯಿ ತುಂಬಿದ ಮೇಲೆ ಅವರು, "ಯಾರದಾದ್ರೂ ತಕರಾರು ಐತೇನ್ರೀ?" ಎಂದು ಕೇಳುತ್ತಿದ್ದರು. ಸದಾ ಸುಣ್ಣ ಬಳಿದು ಬೆಳ್ಳಗಿಟ್ಟಿದ್ದ ಅವರ ಗೋಡೆಯ ಬಳಿ ಉಗುಳಿ ಮಾತಾಡುವ ಧೈರ್ಯ ಯಾರಿಗೂ ಇರಲಿಲ್ಲ. ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದ ನನ್ನತ್ತ ತಿರುಗಿ, "ಸರ್ವಾನುಮತ ಅಂತ ಬರ್ಕೊಳ್ರೀ" ಎನ್ನುತ್ತಿದ್ದರು.

ವಾರ್ಡಿಗೆ ಒಂದೇ ನಲ್ಲಿ ಮಂಜೂರಾದಾಗ, ಅದು ತಮ್ಮ ಮನೆ ಮುಂದಿರಲಿ ಎಂದರು. ಕೆರೆಯಿಂದ ನೀರು ಹೊರುತ್ತಿದ್ದ ಕಲಾಯಿಗಾರರ ಓಣಿಯವರು ಬಾಯಿ ತುಂಬಿಸಿಕೊಂಡು ಕುಳಿತಿದ್ದರು. ಆ ಓಣಿಯ ಮುದುಕಿಯೊಬ್ಬಳು ಮಾತ್ರ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ನಂಗೆ ಹಲ್ಲಿಲ್ಲ ಸಾವ್ಕಾರ್ರೇ, ಬಾಯಿ ಖಾಲಿ ಐತೆ. ನಲ್ಲಿ ನಮ್ಮ ಓಣಿಗೆ ಬೇಕು."

"ಅಜ್ಜಿಗೆ ಕುಟ್ಟಿ ಕೊಡ್ರೋ!" ಎಂದು ಸದಸ್ಯರು ಒಳಗಿನವರಿಗೆ ಕೂಗಿ ಹೇಳಿದರು.

ಒಳಗೆ ಎಲೆಯಡಿಕೆ ಕುಟ್ಟುವ ಸದ್ದು ಕೇಳುತ್ತಿದ್ದಂತೆ ಅವಳ ಮಗ ಎದ್ದ. ಆ ಬಿಳಿ ಗೋಡೆಗೇ ಉಗುಳಿ, "ಅಮ್ಮ ಹೇಳಿದ್ದೇ ನನ್ ಮಾತು" ಎಂದ. ಅವನ ಹಿಂದೆ ಓಣಿಯವರೆಲ್ಲ ಎದ್ದರು.

ಕೆಂಪಾದ ಗೋಡೆಯನ್ನು ಸದಸ್ಯರು ಒಂದು ಗಳಿಗೆ ನೋಡಿ ನನ್ನತ್ತ ತಿರುಗಿದರು.

"ನಲ್ಲಿ ಓಣಿಗೆ. ಸರ್ವಾನುಮತ ಅಂತ ಬರ್ಕೊಳ್ರೀ. ಗೋಡೆ ವಿಷ್ಯ ಬ್ಯಾಡ."