ಅಳತೆಯಕ್ಕ ಬಾಯಿ ಕಟ್ಟಿದ ಸಾಲು

ಅಳತೆಯಕ್ಕನ ವಿಷಯ ಹೇಳಲೇಬೇಕು. ತನ್ನ ತಪ್ಪು ಬೇರೆಯವರ ತಲೆಗೆ ಹೋಗಿ ಕೂತ ಮೇಲೂ ಅದನ್ನು ವಾಪಸ್ ಕೇಳಿ ತೆಗೆದುಕೊಳ್ಳುವವರು ಎಷ್ಟು ಜನ ಸಿಗುತ್ತಾರೆ?

ಆಸ್ಪತ್ರೆಯ ಹಿಂಬದಿ, ಬಟ್ಟೆ ಒಗೆಯುವ ಕೋಣೆ ದಾಟಿದರೆ ಕಂಪ್ಯೂಟರ್ ವಿಭಾಗ. ಒಂದು ಕೋಣೆಯಲ್ಲಿ ಸರ್ವರ್, ಇನ್ನೊಂದರಲ್ಲಿ ಅವಳು ಮತ್ತು ಎಲ್ಲರೂ ವೈರ್ ಮಾವ ಎಂದು ಕರೆಯುವ ಸಹೋದ್ಯೋಗಿ. ಗೋಡೆಯಾಚೆಯಿಂದ ಸೋಪಿನ ವಾಸನೆ ಸದಾ ಬರುತ್ತಿರುತ್ತದೆ. ಸರ್ವರಿನೊಳಗೆ ಹನ್ನೊಂದು ಕಂಟೇನರ್. ಒಂದೇ ಮನೆಯಲ್ಲಿ ಪ್ರತಿ ಕೆಲಸಕ್ಕೂ ಬೇರೆ ಕೋಣೆ ಕೊಟ್ಟ ಹಾಗೆ. ರಕ್ತ ಪರೀಕ್ಷೆಗೆ ಒಂದು, ಎಕ್ಸ್‌ರೇಗೆ ಒಂದು. ಯಾವುದಕ್ಕೆ ಎಷ್ಟು ಮೆಮೊರಿ ಎಂದು ಮಿತಿ ಹಾಕುವುದು ಅವಳ ಸ್ಕ್ರಿಪ್ಟು, ದಿನಾ ಬೆಳಿಗ್ಗೆ ತಾನೇ ಓಡಿ ಒಂದೊಂದಕ್ಕೂ ಒಂದು ಫೋಲ್ಡರ್ ಮಾಡಿ ಮಿತಿ ಬರೆಯುವ ಚಿಕ್ಕ ಪ್ರೋಗ್ರಾಂ. ಹನ್ನೆರಡು ವರ್ಷದ ಹಿಂದೆ ಅವಳೇ ಬರೆದದ್ದು. ಅದಕ್ಕೇ ಆ ಅಡ್ಡಹೆಸರು.

ಈಗ ಸರ್ವರನ್ನು ನಡೆಸುವ ತಂತ್ರಾಂಶ ಲಿನಕ್ಸ್, ಮಿತಿ ಹಾಕುವ ಹಳೇ ಪದ್ಧತಿಯನ್ನು ಕೈಬಿಡುತ್ತಿದೆ. ಹಳೆಯದರಲ್ಲಿ ಮೆಮೊರಿಗೇ ಬೇರೆ ಏರ್ಪಾಡು, ಪ್ರೊಸೆಸರಿಗೇ ಬೇರೆ. ಹೊಸದರಲ್ಲಿ ಎಲ್ಲಕ್ಕೂ ಒಂದೇ. ಮಂಗಳವಾರ ಬೆಳಿಗ್ಗೆ ಸರ್ವರನ್ನು ಹೊಸ ಪದ್ಧತಿಗೆ ತಿರುಗಿಸಿದವನು ವೈರ್ ಮಾವ. ಇಪ್ಪತ್ತು ವರ್ಷ ಇದೇ ಆಸ್ಪತ್ರೆಯ ವೈರಿಂಗ್ ನೋಡಿಕೊಂಡು, ಐವತ್ತರ ಹತ್ತಿರ ಕಂಪ್ಯೂಟರ್ ಕಲಿತು ಬಂದವನು.

ಹನ್ನೊಂದು ಗಂಟೆಗೆ ಎಕ್ಸ್‌ರೇ ಕಂಟೇನರ್ ಊದಿಕೊಂಡಿತು. ಇದ್ದಬದ್ದ ಮೆಮೊರಿಯನ್ನೆಲ್ಲ ನುಂಗಿತು. ಜಾಗ ಸಾಲದೆ ಲಿನಕ್ಸ್ ರಕ್ತ ಪರೀಕ್ಷೆಯ ಕೆಲಸವನ್ನೇ ಕೊಂದುಹಾಕಿತು. ರಿಪೋರ್ಟಿನ ಕಿಟಕಿ ಮುಂದೆ ನಲವತ್ತು ಜನ ನಿಂತರು. ಅವಸರದಲ್ಲಿ ಹಳೆಯದಕ್ಕೇ ವಾಪಸ್ ತಿರುಗಿಸಬೇಕಾಯಿತು. ಮೇಲಧಿಕಾರಿ ಓಡಿಬಂದರು.

"ಅಳತೆಯಕ್ಕಾ, ನಿಮ್ ಸ್ಕ್ರಿಪ್ಟ್ ಓಡಿತ್ತಾ?"

"ಓಡಿತ್ತು ಸರ್. ಹನ್ನೊಂದು ಫೋಲ್ಡರಿನ ಹೆಸರೂ ಇತ್ತು, ನಾನೇ ನೋಡ್ದೆ."

ಅಷ್ಟೇ ಸಾಕಾಯಿತು. ಅಧಿಕಾರಿ ಮಾವನ ಕಡೆ ತಿರುಗಿದರು.

"ಸ್ಕ್ರೂಡ್ರೈವರ್ ಹಿಡಿಯೋ ಕೈಗೆ ಕೀಬೋರ್ಡ್ ಕೊಟ್ರೆ ಹೀಗೇ ಆಗೋದು. ಶುಕ್ರವಾರದೊಳಗೆ ಸರಿ ಆಗ್ಲಿಲ್ವೋ, ಮತ್ತೆ ವೈರಿಂಗಿಗೇ ಹೋಗಿ."

"ಹೋಗ್ತೀನಿ ಸರ್. ಅಲ್ಲಾದ್ರೆ ತಪ್ಪು ಮಾಡಿದ ತಕ್ಷಣ ಶಾಕ್ ಹೊಡಿಯುತ್ತೆ, ಗೊತ್ತಾಗುತ್ತೆ," ಎಂದ ಮಾವ. ನಗಿಸಲು ಹೇಳಿದ. ಯಾರೂ ನಗಲಿಲ್ಲ.

ಸಂಜೆ ಅವಳು ಮನೆಗೆ ಬಂದಾಗ ಬಾಗಿಲು ಒಳಗಿಂದ ಹಾಕಿತ್ತು. ಬೆಲ್ ಒತ್ತಿ ಒತ್ತಿ ಬೆರಳು ಸೋತಿತು. ಕೊನೆಗೆ ಕಿಟಕಿಯಿಂದ ಕೈ ಆಡಿಸಿದ ಮೇಲೆ ಅತ್ತೆ ಎದ್ದು ಬಂದರು.

"ಕಿವಿ ಮಿಷನ್ ಎಲ್ಲಿ ಅತ್ತೆ?"

"ಸುಮ್‌ಸುಮ್ನೆ ಕುಂಯ್ ಅಂತಿತ್ತು ಕಣೇ. ತೆಗ್ದು ಡಬ್ಬಿಲಿಟ್ಟೆ."

"ಬೆಲ್ ಆದ್ರೂ ಕೇಳಿಸ್ಬೇಡ್ವಾ?"

"ಆ ಕುಂಯ್ ನಿಂತ್ರೆ ಸಾಕಾಗಿತ್ತು. ಬೆಲ್ ಯೋಚನೆ ಯಾರಿಗಿತ್ತು?"

ಅಳತೆಯಕ್ಕ ಚಪ್ಪಲಿ ಬಿಡುವುದನ್ನೂ ಮರೆತು ನಿಂತಳು. ಮೊದಮೊದಲು ಅವಳ ಸ್ಕ್ರಿಪ್ಟು ದಿನಾ ಬೆಳಿಗ್ಗೆ ಗೊಣಗುತ್ತಿತ್ತು, ಈ ಫೋಲ್ಡರ್ ಆಗಲೇ ಇದೆ, ಆಗಲೇ ಇದೆ ಎಂದು. ಕಿರಿಕಿರಿಯಾಗಿ ಒಂದು ಸಾಲು ಸೇರಿಸಿದ್ದಳು. ಯಾವ ದೂರು ಬಂದರೂ ತೋರಿಸದೆ ಬಿಸಾಡು ಎನ್ನುವ ಸಾಲು.

ಮರುದಿನ ಬೆಳಿಗ್ಗೆ ಪರೀಕ್ಷೆಗೆ ಇಟ್ಟಿದ್ದ ಹಳೇ ಯಂತ್ರಕ್ಕೆ ಹೊಸ ಪದ್ಧತಿ ಹಾಕಿ, ಆ ಸಾಲು ಅಳಿಸಿ, ಸ್ಕ್ರಿಪ್ಟ್ ಓಡಿಸಿದಳು. ಹನ್ನೊಂದು ಸಲ ದೂರು ಬಂತು. ಮಿತಿ ಬರೆಯಲು ಅವಳ ಸ್ಕ್ರಿಪ್ಟ್ ಹುಡುಕುವ ಹಳೇ ಫೈಲು ಹೊಸ ಪದ್ಧತಿಯಲ್ಲಿ ಇಲ್ಲವೇ ಇಲ್ಲ. ಫೋಲ್ಡರ್ ಮಾತ್ರ ಹಳೇ ಹೆಸರಿನಲ್ಲೇ ಹುಟ್ಟಿಕೊಂಡಿತ್ತು. ಡಬ್ಬಿಗೆ ಚೀಟಿ ಅಂಟಿಸಿ ಒಳಗೆ ಏನೂ ಹಾಕದೆ ಬಿಟ್ಟಂತೆ. ಅವಳು ನೋಡಿದ್ದು ಚೀಟಿ.

ಸದ್ದಿಲ್ಲದೆ ತಿದ್ದಿಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಶುಕ್ರವಾರ ಎಲ್ಲ ನೆಟ್ಟಗೆ ಓಡುತ್ತಿತ್ತು. ಸ್ಕ್ರೂಡ್ರೈವರಿನ ಮಾತು ಮಾತ್ರ ಮಾವನ ಮೈಗೆ ಅಂಟಿಕೊಂಡೇ ಇರುತ್ತಿತ್ತು. ಅವಳು ಮಾವನನ್ನೂ ಕರೆದುಕೊಂಡು ಮೇಲೆ ಅಧಿಕಾರಿಯ ಕೋಣೆಗೆ ಹೋದಳು.

"ಸರ್, ತಪ್ಪು ಮಾವಂದಲ್ಲ. ನಂದು."

"ನಿನ್ನೆ ಎಲ್ಲಾ ಇದೆ ಅಂದ್ರಲ್ಲ?"

"ಹೆಸರು ನೋಡ್ದೆ ಸರ್. ಮಿತಿ ಬಿದ್ದಿದ್ಯಾ ಅಂತ ನೋಡ್ಲಿಲ್ಲ. ಅದು ಹೇಳೋಕೆ ಬಂದ್ರೂ ನಾನೇ ಬಾಯಿ ಕಟ್ಟಿದ್ದೆ."

ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. "ಹಾಗಾದ್ರೆ ನಿಮ್ಮನ್ನ ಕಳಿಸ್ಲಾ ವೈರಿಂಗಿಗೆ?"

"ಬೇಡ ಸರ್," ಎಂದ ಮಾವ ಹಿಂದಿನಿಂದ. "ಏಣಿ ಅಂದ್ರೆ ಇವ್ರಿಗೆ ಹೆದರಿಕೆ."

ಈ ಸಲ ನಗು ಬಂತು.

ಗುರುವಾರ ಇಬ್ಬರೂ ಕೂತು ಹೊಸ ರೀತಿಯಲ್ಲಿ ಮಿತಿ ಬರೆದರು. ಮಾವ ಒಂದೊಂದನ್ನೂ ಗಟ್ಟಿಯಾಗಿ ಓದಿದ, ಅವಳು ಒಂದೊಂದನ್ನೂ ತೆರೆದು ನೋಡಿದಳು. ಹಳೇ ಸ್ಕ್ರಿಪ್ಟನ್ನು ಅವಳೇ ಅಳಿಸಿದಳು. ಶುಕ್ರವಾರ ಹೊಸ ಪದ್ಧತಿ ಬಂತು. ಕಿಟಕಿ ಮುಂದೆ ಯಾರೂ ಕಾಯಲಿಲ್ಲ. ಮಾವ ತನ್ನ ಕುರ್ಚಿಯಲ್ಲೇ ಉಳಿದ. ಅಧಿಕಾರಿ ಅವನಲ್ಲಿ ಕ್ಷಮೆ ಕೇಳಲಿಲ್ಲ. ಆದರೆ ಆ ಸ್ಕ್ರೂಡ್ರೈವರಿನ ಮಾತು ಮತ್ತೆ ಆಡಲಿಲ್ಲ.

ನಿಮ್ಮ ಕಡೆಯೂ ಆಸ್ಪತ್ರೆ ಇರುತ್ತದೆ. ಮುಂದಿನ ಸಲ ರಿಪೋರ್ಟ್ ಕೈಗೆ ಬಂದಾಗ ಹಾಗೇ ಹೊರಟುಬಿಡಬೇಡಿ. ಹಿಂಬದಿಗೆ ಹೋಗಿ, ಸೋಪಿನ ವಾಸನೆ ಹಿಡಿದು ನಡೆಯಿರಿ. ಅಳತೆಯಕ್ಕನಂಥವರು ಅಲ್ಲಿ ಕೂತಿರುತ್ತಾರೆ. ಮಾತಾಡಿಸಿ. ಏನಾದರೂ ದೂರಿದ್ದರೆ ಅದನ್ನೂ ಹೇಳಿ. ಅವಳಂತೂ ಈಗ ಪೂರ್ತಿ ಕೇಳಿಸಿಕೊಳ್ಳುತ್ತಾಳೆ.