ಹಡಗು ನಿಲ್ಲಿಸಿದ ಮುಕ್ತಿಯಾರ್

ಸಿಂಧನೂರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಕ್ಕಿ ಗಿರಣಿಗಳ ಹೊಗೆ ಕೊಳವೆಗಳ ಹಿಂದೆ ಆಕಾಶ ಆಗತಾನೆ ಬೂದಿ ಬಣ್ಣಕ್ಕೆ ತಿರುಗುತ್ತಿದೆ. ಕಾಲುವೆ ಕಡೆಗೆ ಇಳಿಯುವ ಓಣಿಯೊಂದರ ಕೊನೆಯಲ್ಲಿ ತಗಡಿನ ಶೆಡ್ಡು. ಅದರ ಮುಂದೆ ಆಟೊ ಬಂದು ನಿಲ್ಲುತ್ತದೆ. ಊರಿನ ಎರಡು ನರ್ಸಿಂಗ್ ಹೋಮ್‌ಗಳ ಹಾಸಿಗೆ ಬಟ್ಟೆ ಅದರಲ್ಲಿದೆ. ಮೊಣಕೈವರೆಗೆ ರಬ್ಬರಿನ ಕೈಗವಸು, ಮೂಗಿಗೆ ಮಾಸ್ಕ್ ಹಾಕಿಕೊಂಡ ಮುಕ್ತಿಯಾರ್ ಗಂಟುಗಳನ್ನು ಹೊರಗೇ ಬಿಚ್ಚುತ್ತಾರೆ. ರಕ್ತ ಹತ್ತಿದ್ದು ಒಂದು ಕಡೆ, ಬಾಣಂತಿಯರ ಬಟ್ಟೆ ಇನ್ನೊಂದು ಕಡೆ. ಭತ್ತದ ಹೊಟ್ಟಿನ ಒಲೆಯ ಮೇಲೆ ನೀರು ಆಗಲೇ ಕುದಿಯುತ್ತಿದೆ.

ಮೊದಲ ಸುತ್ತಿನ ಚಾದರಗಳು ಮಷೀನಿನಿಂದ ಹೊರಬಂದಾಗ ಹೆಂಡತಿ ವಸೀಮಾ ಬಂದು ಒಂದನ್ನು ಎತ್ತಿ ಮೂಗಿಗೆ ಹಿಡಿಯುತ್ತಾರೆ. ಸ್ವಲ್ಪ ಹೊತ್ತು ಹಾಗೇ ನಿಂತು, "ಔರ್ ಏಕ್ ಪಾನಿ" ಎನ್ನುತ್ತಾರೆ. ಇನ್ನೊಂದು ನೀರು ಬೇಕು ಎಂದು. ಮುಕ್ತಿಯಾರ್ ಎದುರಾಡದೆ ಅಷ್ಟನ್ನೂ ಮತ್ತೆ ಒಳಗೆ ತುಂಬುತ್ತಾರೆ. ಡೆಟಾಲಾಗಲಿ, ಔಷಧಿಯಾಗಲಿ, ಸೀಗೆಪುಡಿಯಾಗಲಿ ಅವರ ಮೂಗಿಗೆ ತಿಳಿಯದೆ ನಾಲ್ಕು ವರ್ಷದ ಮೇಲಾಯಿತು.

ದಿನಕ್ಕೆ ಇನ್ನೂರರ ಆಸುಪಾಸು ಚಾದರ, ಅದಕ್ಕೆ ತಕ್ಕಷ್ಟು ದಿಂಬಿನ ಚೀಲ, ಮೇಲೆ ಆಪರೇಷನ್ ಕೋಣೆಯ ಹಸಿರು ಬಟ್ಟೆ. ಮದುವೆ ದಿನಗಳಲ್ಲಿ ಫಂಕ್ಷನ್ ಹಾಲಿನ ಮೇಜಿನ ಬಟ್ಟೆಯೂ ಸೇರುತ್ತದೆ. ಕೊಡುವವರಿಗೂ ತರುವವರಿಗೂ ಇವರು ಲಾಂಡ್ರಿ ಮುಕ್ತಿಯಾರ್, ಅಷ್ಟೇ. ಇವರು ದೊಡ್ಡದೊಂದು ಪ್ರವಾಸಿ ಹಡಗಿನಲ್ಲಿ ಒಂಬತ್ತು ವರ್ಷ ದುಡಿದವರು ಎಂಬುದು ಓಣಿಯವರಲ್ಲಿ ಹಲವರಿಗೆ ಗೊತ್ತಿಲ್ಲ. ಆ ಹಡಗು ಇವರ ಒಂದು ಮಾತಿಗೆ ನಿಂತಿತು ಎಂಬುದಂತೂ ಮನೆಯವರನ್ನು ಬಿಟ್ಟರೆ ಬೆರಳೆಣಿಕೆಯ ಜನಕ್ಕೆ ಗೊತ್ತು.

ತಂದೆ ಇಸ್ಮಾಯಿಲ್‌ಸಾಬ್ ಕುಸುಬಲಕ್ಕಿ ಗಿರಣಿಯೊಂದರ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಹಬೆ ಎಷ್ಟು ಬಿಟ್ಟರೆ ಏನಾಗುತ್ತದೆ ಎಂಬುದು ಮುಕ್ತಿಯಾರ್‌ಗೆ ಹುಡುಗನಿದ್ದಾಗಲೇ ಕೈಗೆ ಹತ್ತಿತ್ತು. ಗೋವಾದ ಹೋಟೆಲೊಂದರಲ್ಲಿ ಅಡುಗೆಗಿದ್ದ ಲಿಂಗಸುಗೂರಿನ ಸೋದರಮಾವ ದಾವಲ್‌ಸಾಬ್ ಇವರನ್ನು ಅಲ್ಲಿಯ ಲಾಂಡ್ರಿಗೆ ಸೇರಿಸಿದರು. ಅಲ್ಲಿಂದ ಏಜೆಂಟನ ಕೈ ಹಿಡಿದು ಯುರೋಪಿನ ಸಣ್ಣ ಕಂಪನಿಯೊಂದರ ಹಡಗು ಹತ್ತಿದರು. ಲಾಂಡ್ರಿ ಇದ್ದದ್ದು ತಳದಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ. ಕಿಟಕಿ ಇಲ್ಲ, ಹಗಲು ರಾತ್ರಿ ಒಂದೇ ಬೆಳಕು.

"ಸಮುದ್ರದ ಮ್ಯಾಲೆ ಇದ್ದೆ ಅಂತ ಮಂದಿ ತಿಳ್ಕೋತಾರ್ರೀ. ನಾ ಸಮುದ್ರದ ಕೆಳಗ ಇದ್ದೆ" ಎನ್ನುತ್ತಾರೆ.

ಕನಕರಾಜನೆಂಬ ಊರ ಕಡೆಯ ಹುಡುಗನನ್ನು ಹಡಗಿಗೆ ಕರೆದೊಯ್ದದ್ದೂ ಅವರೇ. ಒಮ್ಮೆ ರಜೆಗೆ ಬಂದಾಗ ಮಸ್ಕಿಯ ಖಾನಾವಳಿಯಲ್ಲಿ ಊಟಕ್ಕೆ ಕೂತಿದ್ದರು. ಅಲ್ಲಿ ರೊಟ್ಟಿ ಬಡಿಯುತ್ತಿದ್ದ ಯುವಕ ಸಂತೆಕಲ್ಲೂರಿನ ದ್ಯಾವಪ್ಪನ ಮಗ. ಕುರಿ ಕಾಯುವ ಮನೆತನ. ಹಡಗಿನ ಕಥೆ ಕೇಳುತ್ತಾ ಕೇಳುತ್ತಾ ತಾನೂ ಬರುತ್ತೇನೆಂದು ಬೆನ್ನು ಹತ್ತಿದ. ಮುಕ್ತಿಯಾರ್ ಏಜೆಂಟನಿಗೆ ಒಂದು ಮಾತು ಹೇಳಿದರು, ಮರುವರ್ಷ ಕನಕರಾಜ ಹಡಗಿನ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ. ಕೆಲಸ ಮುಗಿದ ಮೇಲೆ ಇಬ್ಬರೂ ಹಿಂದಿನ ಮೆಟ್ಟಿಲಲ್ಲಿ ಕೂತು, ಊರಿಂದ ತಂದ ಶೇಂಗಾ ಚಟ್ನಿಗೆ ಬ್ರೆಡ್ ಹಚ್ಚಿ ತಿನ್ನುತ್ತಿದ್ದರು. ಆ ಹಡಗಿನಲ್ಲಿ ಎಷ್ಟೋ ದೇಶದ ಮಾತು ಕೇಳಿಸುತ್ತಿತ್ತು. ಕನ್ನಡ ಮಾತ್ರ ಇವರಿಬ್ಬರಿಗೇ.

ಕೊರೊನಾ ಬಂದ ವರ್ಷ ಯಾವ ಬಂದರೂ ಅವರ ಹಡಗನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ದಂಡೆ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಲಂಗರು ಹಾಕಿ ನಿಂತಿತು. ಪ್ರವಾಸಿಗಳನ್ನು ಅವರವರ ಕೋಣೆಗಳಲ್ಲೇ ಇರಿಸಿದರು. ಕಾಯಿಲೆಯವರ ಕೋಣೆಯಿಂದ ಬಟ್ಟೆ ಕೆಂಪು ಚೀಲದಲ್ಲಿ ಕಟ್ಟಿ ಕೆಳಗೆ ಬರುತ್ತಿತ್ತು. ಚೀಲ ಬಿಚ್ಚುವಂತಿಲ್ಲ, ಹಾಗೇ ಮಷೀನಿಗೆ ಹಾಕಬೇಕು, ಬಿಸಿನೀರಿಗೆ ಚೀಲವೇ ಕರಗಿ ಹೋಗುತ್ತದೆ. ಒಂದು ಕೋಣೆಯಿಂದ ದಿನವೂ ಎರಡು ಚೀಲ ಬರುತ್ತಿದ್ದವು. ಒಂದು ದಿನ ಒಂದೇ ಬಂತು. ಆ ಕೋಣೆಯ ಮುದುಕ ತೀರಿಕೊಂಡಿದ್ದ, ಹೆಂಡತಿ ಉಳಿದಿದ್ದಳು.

"ಅವರ ಮುಖ ನಾ ನೋಡಿಲ್ರೀ. ಅವರ ಚಾದರ ಒಗದೀನಿ, ಅಷ್ಟ" ಎನ್ನುವಾಗ ಮುಕ್ತಿಯಾರ್ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಾರೆ.

ತಿಂಗಳುಗಳ ನಂತರ ಅವರೆಲ್ಲ ಊರು ಸೇರಿದರು. ಒಂದು ವರ್ಷ ಕೆಲಸವಿಲ್ಲ. ಕನಕರಾಜ ಢದೇಸುಗೂರಿನ ಕಡೆ ಭತ್ತದ ಚೀಲ ಹೊತ್ತ. ಮುಕ್ತಿಯಾರ್ ತಂದೆ ದುಡಿದ ಗಿರಣಿಯಲ್ಲೇ ಒಲೆಗೆ ಹೊಟ್ಟು ಸುರಿದರು. ಮರುವರ್ಷದ ಬೇಸಿಗೆಯಲ್ಲಿ ಕಂಪನಿಯಿಂದ ಫೋನು ಬಂತು. ಹಡಗು ಮತ್ತೆ ಹೊರಡುತ್ತದೆ, ಅರ್ಧ ಕೋಣೆ ಖಾಲಿ ಬಿಟ್ಟು, ಲಸಿಕೆ ಹಾಕಿಸಿಕೊಂಡವರನ್ನು ಮಾತ್ರ ಹತ್ತಿಸಿಕೊಂಡು. ಆದರೆ ಅದಕ್ಕೆ ಮೊದಲು ಒಂದು ಪರೀಕ್ಷೆಯ ಯಾನ. ಆರೋಗ್ಯ ಅಧಿಕಾರಿಗಳು ಹಡಗಿನಲ್ಲೇ ಇದ್ದು ನೋಡುತ್ತಾರೆ, ಎಲ್ಲ ಸರಿ ಇದ್ದರೆ ಪರವಾನಗಿ.

ಸಿಬ್ಬಂದಿ ಊಟಕ್ಕೆ ಕೂತಲ್ಲೆಲ್ಲ ಇದೇ ಚರ್ಚೆಯಾಗುತ್ತಿತ್ತಂತೆ. ಅರ್ಧ ಮಂದಿಯನ್ನು ಕರೆದೊಯ್ದರೂ ಎಣ್ಣೆ ಅಷ್ಟೇ ಸುಡುತ್ತದೆ, ಸಿಬ್ಬಂದಿ ಅಷ್ಟೇ ಬೇಕು, ಬಟ್ಟೆ ಕಡಿಮೆಯಾದರೂ ಎರಡೆರಡು ಸಲ ಒಗೆಯಬೇಕು. ಹೀಗೆ ಜೋಪಾನ ಮಾಡಿದರೆ ಕಂಪನಿಗೆ ಏನು ಗಿಟ್ಟೀತು ಎಂದು ಕೆಲವರು. ಹಡಗು ನಿಂತಲ್ಲೇ ತುಕ್ಕು ಹಿಡಿಯುವುದಕ್ಕಿಂತ ನಷ್ಟದಲ್ಲಾದರೂ ಓಡಲಿ, ನಮ್ಮ ಕೆಲಸ ಉಳಿಯಲಿ ಎಂದು ಉಳಿದವರು. ಈ ಎರಡನೆಯ ಮಾತು ಹೇಳಿದವರಲ್ಲಿ ಕನಕರಾಜ ಮುಂದಿದ್ದ. ಮುಕ್ತಿಯಾರ್‌ಗೂ ಅದೇ ಸರಿ ಎನ್ನಿಸಿತ್ತು.

ಪರೀಕ್ಷೆಯ ಯಾನದಲ್ಲಿ ನಿಜವಾದ ಪ್ರವಾಸಿಗಳಿರಲಿಲ್ಲ. ಕಂಪನಿಯವರ ಬಂಧುಗಳು ಕೆಲವರು, ನಿವೃತ್ತರಾದ ಹಳೆಯ ನೌಕರರು ಕೆಲವರು ಬಂದರು. ಉಳಿದ ಕೋಣೆಗಳಿಗೆ ಸಿಬ್ಬಂದಿಯಲ್ಲೇ ಕೆಲವರನ್ನು ಪ್ರವಾಸಿಗಳ ವೇಷದಲ್ಲಿ ಕೂರಿಸಿದರು. ಮುಕ್ತಿಯಾರ್‌ಗೆ ಬಾಲ್ಕನಿ ಇದ್ದ ಕೋಣೆ ಬಂತು, ಪಕ್ಕದ್ದೇ ಕನಕರಾಜನಿಗೆ. ಮೊದಲ ದಿನ ಮುಕ್ತಿಯಾರ್ ಹಾಸಿಗೆಯ ಮೇಲೆ ಕೂರಲು ಹಿಂದೆ ಮುಂದೆ ನೋಡಿದರಂತೆ. ಆ ಚಾದರಕ್ಕೆ ಇಸ್ತ್ರಿ ಹಾಕಿದ್ದು ಅವರೇ. ಬೆಳಿಗ್ಗೆ ಪರದೆ ಸರಿಸಿದರೆ ನೀರಿನ ಮೇಲೆ ಸೂರ್ಯ ಏಳುತ್ತಿದ್ದ. ಒಂಬತ್ತು ವರ್ಷದಲ್ಲಿ ಅದನ್ನು ಮಲಗಿದಲ್ಲಿಂದ ನೋಡಿದ್ದು ಅದೇ ಮೊದಲು. ಊಟದ ಹೊತ್ತಿಗೆ ಕನಕರಾಜನ ಮೇಲಧಿಕಾರಿಯೇ ಅವನ ಮುಂದೆ ತಟ್ಟೆ ತಂದಿಟ್ಟ. ಕನಕರಾಜ ಮಾಸ್ಕಿನೊಳಗೇ ನಗು ತಡೆಯಲಾರದೆ ಒದ್ದಾಡಿದ್ದನ್ನು ಹೇಳುವಾಗ ಮುಕ್ತಿಯಾರ್ ಕೂಡ ನಗುತ್ತಾರೆ. ಆ ಎರಡು ದಿನದ ಮಾತು ಬಂದಾಗ ಮಾತ್ರ ಅವರ ಮುಖ ಹೀಗೆ ಬಿಚ್ಚಿಕೊಳ್ಳುತ್ತದೆ.

ಮೂರನೆಯ ದಿನ ಬೆಳಿಗ್ಗೆ ಕಾಫಿ ಬಂತು. ಬಾಯಿಗೆ ಬಿಸಿ ತಾಗಿತು, ಮೂಗಿಗೆ ಏನೂ ತಾಗಲಿಲ್ಲ. ಸೋಪು ಮೂಸಿದರು. ಕಿತ್ತಳೆ ಸಿಪ್ಪೆ ಹಿಂಡಿ ಮೂಸಿದರು. ಜ್ವರವಿಲ್ಲ, ಕೆಮ್ಮಿಲ್ಲ, ಹಡಗು ಹತ್ತುವಾಗ ಮಾಡಿದ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಮರುದಿನ ಮಧ್ಯಾಹ್ನ ದಂಡೆ ಸೇರುವುದಿತ್ತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಬಾಲ್ಕನಿಗೆ ಬಂದು, ನಡುವಿನ ಗಾಜಿನ ಆಚೆ ನಿಂತಿದ್ದ ಕನಕರಾಜನಿಗೆ ದೂರದಿಂದಲೇ ಹೇಳಿದರು. ಅವನಿಗೆ ಅರ್ಥವಾಗಲು ಹೊತ್ತು ಬೇಕಾಗಲಿಲ್ಲ.

"ಒಂದ ದಿನ ತಡೀರಿ ಭಾಯಿ" ಎಂದ. "ಕೋಣಿ ಬಿಟ್ಟು ಹೊರಗ ಬರಬ್ಯಾಡ್ರಿ, ಊಟ ನಾ ಬಾಗಲಿಗೆ ತಂದು ಇಡತೀನಿ. ನಾಳೆ ದಂಡಿಗೆ ಹತ್ತತೀವಿ. ಆಮ್ಯಾಲೆ ಹೇಳ್ರಿ, ಯಾರು ಬ್ಯಾಡ ಅಂತಾರ?"

ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ಮುಕ್ತಿಯಾರ್‌ಗೆ ಇಂದಿಗೂ ಆಗುವುದಿಲ್ಲ. ಆದರೆ ಕೆಳಗಿನ ಅಂತಸ್ತಿನಲ್ಲಿ ನಿವೃತ್ತ ನೌಕರರಿದ್ದರು, ಎಲ್ಲರೂ ವಯಸ್ಸಾದವರು. ಹಿಂದಿನ ದಿನ ಅವರ ಜೊತೆಗೇ ಲಿಫ್ಟಿನಲ್ಲಿ ಇಳಿದಿದ್ದರು. ಕೆಂಪು ಚೀಲ ನೆನಪಿಗೆ ಬಂತು. ಆಗುವುದಿಲ್ಲಪ್ಪ ಎಂದು ಅವನಿಗೆ ಮುಖಾಮುಖಿಯಾಗಿಯೇ ಹೇಳಿದರು. ಕನಕರಾಜ ಬಾಗಿಲ ಕಡೆ ತಿರುಗಿದ.

"ಹತ್ತಿಸಿದವರೂ ನೀವ. ಇಳಸಾಕತ್ತವರೂ ನೀವ" ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮುಕ್ತಿಯಾರ್ ಹಡಗಿನ ಆಸ್ಪತ್ರೆಗೆ ಫೋನ್ ಮಾಡಿದರು. ಮೈತುಂಬ ಬಿಳಿ ಉಡುಪು ತೊಟ್ಟ ಇಬ್ಬರು ಬಂದು ಕರೆದೊಯ್ದರು. ಸಂಜೆಯೊಳಗೆ ಎಲ್ಲರನ್ನೂ ಪರೀಕ್ಷಿಸಿದರು, ಹತ್ತು ಹನ್ನೆರಡು ಜನರಲ್ಲಿ ಸೋಂಕು ಸಿಕ್ಕಿತು. ಯಾನವನ್ನು ಅಲ್ಲಿಗೇ ಮುಗಿಸಿದರು. ಪರವಾನಗಿ ಮುಂದಕ್ಕೆ ಹೋಯಿತು, ಅಷ್ಟರಲ್ಲಿ ಆ ವರ್ಷದ ಪ್ರವಾಸದ ಕಾಲ ಕೈತಪ್ಪಿತು. ಕೆಲವೇ ವಾರಗಳಲ್ಲಿ ಕಂಪನಿ ಹಡಗನ್ನು ಗುಜರಿಗೆ ಒಡೆಯುವವರಿಗೆ ಮಾರಿಬಿಟ್ಟಿತು. ಒಳಗೆ ಕೆಲಸಕ್ಕಿದ್ದ ಅಷ್ಟೂ ಜನ ತಮ್ಮ ತಮ್ಮ ದೇಶದ ದಾರಿ ಹಿಡಿದರು.

ಸೋಂಕು ಹತ್ತಿದವರೆಲ್ಲ ವಾರದೊಳಗೆ ಗುಣವಾದರು. ಆ ಮುದುಕರಲ್ಲಿ ಒಬ್ಬರಿಗೂ ಆಕ್ಸಿಜನ್ ಬೇಕಾಗಲಿಲ್ಲ.

"ಯಾರಿಗೂ ಏನೂ ಆಗಲಿಲ್ರೀ. ಅದಕ್ಕ ಎಲ್ಲರಿಗೂ ನನ್ನ ಮ್ಯಾಲೆ ಸಿಟ್ಟು" ಎನ್ನುತ್ತಾರೆ ಮುಕ್ತಿಯಾರ್. "ಒಬ್ಬರು ಸತ್ತಿದ್ರ ನಾ ಹೇಳಿದ್ದು ಚಲೋ ಆತು ಅಂತಿದ್ರು. ಹಂಗ ಆಗಬೇಕಿತ್ತು ಅಂತ ನಾ ಬೇಡಕೊಳ್ಳಾಕ ಬರತೈತೇನು?"

ಫೋನಿನ ಗುಂಪಿನಲ್ಲಿ ಬೈಗುಳ ಬಂದವು. ಕೆಲವು ಭಾಷೆ ತಿಳಿಯಲಿಲ್ಲ, ಆದರೂ ಬೈಗುಳವೆಂದು ತಿಳಿಯಿತು. ಗುಂಪು ಬಿಟ್ಟರು. ಕಂಪನಿಯ ಕಚೇರಿಯಲ್ಲಿದ್ದ ಅಧಿಕಾರಿಯೊಬ್ಬರು ಮಾತ್ರ ಒಮ್ಮೆ ತಾವೇ ಫೋನ್ ಮಾಡಿದ್ದರು. ಹಡಗು ಹಳೆಯದು, ಅರ್ಧ ಖಾಲಿ ಓಡಿಸಿದರೆ ಎಣ್ಣೆಯ ಖರ್ಚೂ ಹುಟ್ಟುತ್ತಿರಲಿಲ್ಲ, ಯಾನಕ್ಕೆ ಮೊದಲೇ ಕೊಳ್ಳುವವರು ಬಂದು ನೋಡಿ ಹೋಗಿದ್ದರು, ನೀವು ಬಾಯಿ ಬಿಡದಿದ್ದರೂ ಇಂದಲ್ಲ ನಾಳೆ ಮಾರುತ್ತಿದ್ದರು ಎಂದು ಹೇಳಿದರಂತೆ. ಅದು ನಿಜವೋ, ಸಮಾಧಾನಕ್ಕೆ ಹೇಳಿದ ಮಾತೋ ಮುಕ್ತಿಯಾರ್‌ಗೆ ತಿಳಿಯಲಿಲ್ಲ. ಮತ್ತೆ ಕೇಳೋಣವೆಂದರೆ ಆ ನಂಬರು ಈಗ ಹತ್ತುವುದಿಲ್ಲ.

ಈಗ ಬೇರೆ ಕಂಪನಿಗಳ ಹಡಗುಗಳು ಕಿಕ್ಕಿರಿದು ಹೊರಡುತ್ತವೆ. ಮಾಸ್ಕಿಲ್ಲ, ಪರೀಕ್ಷೆಯಿಲ್ಲ. ಮಗಳು ಶಾಜಿಯಾ ಫೋನಿನಲ್ಲಿ ತೋರಿಸಿದಾಗ ಅವರು ನೋಡಿ ಕೆಲಸಕ್ಕೆ ತಿರುಗುತ್ತಾರೆ. ಕನಕರಾಜ ಎರಡು ಸಲ ಏಜೆಂಟರ ಹತ್ತಿರ ಅಲೆದ. ಅವರಿಗೆ ಅವನಿಗಿಂತ ಸಣ್ಣ ವಯಸ್ಸಿನವರು ಸಾಕಷ್ಟು ಸಿಕ್ಕಿದ್ದರು. ಈಗ ಲಿಂಗಸುಗೂರಿನ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮಿರ್ಚಿ ಕರಿಯುತ್ತಾನೆ.

ಅವನನ್ನು ಕಾಣಲು ಮುಕ್ತಿಯಾರ್ ಒಮ್ಮೆ ಸಂತೆಕಲ್ಲೂರಿಗೆ ಹೋಗಿದ್ದರು. ಇವರು ಬಂದದ್ದು ನೋಡಿ ಕನಕರಾಜ ಚಪ್ಪಲಿ ಮೆಟ್ಟಿಕೊಂಡು ಹಿತ್ತಲ ಬಾಗಿಲಿನಿಂದ ಹೊರಗೆ ನಡೆದ. ಅವನ ತಾಯಿ ಗದ್ದೆಮ್ಮ ಏನೂ ಆಗದವರ ಹಾಗೆ ಜೋಳದ ರೊಟ್ಟಿ, ಪುಂಡಿಪಲ್ಲೆ ಬಡಿಸಿದರು. ಬಸ್ಸಿನವರೆಗೆ ಕಳಿಸಲು ಬಂದಾಗ ತಂದೆ ದ್ಯಾವಪ್ಪ ಹೇಳಿದರು: "ಅವನ ಸಿಟ್ಟು ನಿನ್ನ ಮ್ಯಾಲಲ್ಲೋ ತಮ್ಮ. ಕಂಪನಿ ಎಲ್ಲೈತೋ ಅವನಿಗೆ ಗೊತ್ತಿಲ್ಲ, ಬ್ಯಾನಿ ಎಲ್ಲಿಂದ ಬಂತೋ ಗೊತ್ತಿಲ್ಲ. ಕೈಗೆ ಸಿಗಾಂವ ನೀ ಒಬ್ಬ."

ಆ ಮಾತು ಹೊತ್ತುಕೊಂಡು ಮುಕ್ತಿಯಾರ್ ಊರಿಗೆ ಬಂದರು. ಗೋವಾದ ಹೋಟೆಲೊಂದು ಹಳೆಯ ಮಷೀನ್ ಮಾರುತ್ತಿತ್ತು, ಅದನ್ನು ತಂದು ಈ ಶೆಡ್ಡು ಶುರು ಮಾಡಿದರು. ಆಸ್ಪತ್ರೆಯ ಬಟ್ಟೆ ಒಗೆಯಲು ಊರಿನಲ್ಲಿ ಬೇರೆಯವರು ಹಿಂಜರಿಯುತ್ತಿದ್ದ ಕಾಲ ಅದು. ಅದೇ ಕೆಲಸ ಏಕೆ ಹಿಡಿದರು ಎಂದು ಕೇಳಿದರೆ, ಬರುವುದು ಅದೊಂದೇ ಎನ್ನುತ್ತಾರೆ. ವಸೀಮಾ ಮಾತ್ರ ಬೇರೆ ಹೇಳುತ್ತಾರೆ. "ಅವತ್ತು ಹೇಳಿದ್ದು ಚಲೋ ಆತು ಅಂತ ನಾ ಎಷ್ಟು ಸಲ ಅಂದೀನಿ. ಇವರು ಹೂಂ ಅಂತಾರ. ಮನಸಿಗೆ ಹೋಗಂಗಿಲ್ಲ."

ಬಿಸಿಲು ಏರಿದೆ. ಹಗ್ಗದ ತುಂಬ ಚಾದರಗಳು ಗಾಳಿಗೆ ಬಡಿದುಕೊಳ್ಳುತ್ತಿವೆ. ಅದೇ ಹೊತ್ತು ಇನ್ನೊಮ್ಮೆ ಬಂದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಮುಕ್ತಿಯಾರ್ ತಡಮಾಡುವುದಿಲ್ಲ. "ಹೇಳತೀನಿ" ಎನ್ನುತ್ತಾರೆ, ಅಷ್ಟೇ. ಮತ್ತೆ ಹಡಗು ಹತ್ತುವ ಆಸೆ ಇದೆಯೇ ಎಂದರೆ ಇಲ್ಲವೆಂದು ತಲೆ ಅಲ್ಲಾಡಿಸುತ್ತಾರೆ. ಮಷೀನಿನ ಬೆಲ್ಟು ತರಲು ಲಿಂಗಸುಗೂರಿಗೆ ಹೋದಾಗಲೆಲ್ಲ ಆ ಹೋಟೆಲಿನ ಎದುರು ನಿಲ್ಲುತ್ತಾರಂತೆ. ಎಣ್ಣೆಯ ಬಾಣಲೆಯ ಹಿಂದೆ ಕನಕರಾಜ ಕಾಣುತ್ತಾನೆ. ಒಳಗೆ ಹೋಗುವುದಿಲ್ಲ, ಅವನು ಕೆಲಸ ಬಿಟ್ಟು ಎದ್ದು ಹೋದರೆ ಮಾಲೀಕ ಬೈದಾನು ಎಂದು.

"ಅವನೇ ಇಲ್ಲಿಗೆ ಬರಲಿ ಒಂದ್ ಸಲ" ಎನ್ನುತ್ತಾರೆ ಮುಕ್ತಿಯಾರ್. "ನಾ ಮಾಡಿದ್ದು ಖರೆ ಐತಿ ಅನಬೇಕಂತಿಲ್ರೀ. ಬೈಲಿ. ಎಷ್ಟ್ ಬೈತಾನೋ ಬೈಲಿ, ನಮ್ಮ ಮಾತಿನಾಗ ಬೈಲಿ. ಮುಗಿದ ಮ್ಯಾಲೆ ಕುಂತು ಊಟ ಮಾಡಿ ಹೋಗ್ಲಿ."